‘ನರ’ ಅಂದರೆ ಯಾವುದು? ಮುಂಗೈ, ಮಣಿಕಟ್ಟು, ಬೆರಳುಗಳ ಮಾತು

(ಶಿಡ್ಲಘಟ್ಟದ ಒಂದು ಶಾಲೆಯ ಅಂಗಳದಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ರೀಲರುಗಳು, ರೈತರು, ಪಿಯುಸಿ ಮಕ್ಕಳ ಮುಂದೆ ಆಡಿದ ಮಾತನ್ನು ಬರಹಕ್ಕೆ ಇಳಿಸಿದ್ದೇನೆ. ಅಲ್ಲಿ ಮಾಡಿ ತೋರಿಸಿದ್ದನ್ನು ಓದುವವರೂ ಕೂತಲ್ಲೇ ಮಾಡಿ ನೋಡಬಹುದು.)

ಎಲ್ಲರಿಗೂ ನಮಸ್ಕಾರ.

ನಾನು ಮೆಡಿಕಲ್ ಮಕ್ಕಳಿಗೆ ಅಂಗರಚನೆ ಪಾಠ ಮಾಡುವವನು. ಆದರೆ ನನಗೆ ಮೊದಲ ಪಾಠ ಆಗಿದ್ದು ನಮ್ಮ ಮನೆ ಹಿತ್ತಲಲ್ಲಿ, ಹೊಸತೊಡಕಿನ ದಿನ. ಯುಗಾದಿಯ ಮಾರನೇ ದಿನ ಕೋಳಿ ಕೊಯ್ದರೆ ಕಾಲು ಮಕ್ಕಳ ಪಾಲು. ಕತ್ತರಿಸಿದ ಕಡೆ ಬಿಳಿ ದಾರದಂಥದ್ದು ಇಣುಕುತ್ತಿರುತ್ತದೆ. ಅದನ್ನು ಹಿಡಿದು ಎಳೆದರೆ ಕೋಳಿಯ ಬೆರಳು ಮುದುಡಿಕೊಳ್ಳುತ್ತದೆ. ಬಿಟ್ಟರೆ ಸಡಿಲ. ಅದನ್ನು ತಂಗಿಯ ಮುಖದ ಹತ್ತಿರ ಹಿಡಿದು ಹೆದರಿಸುವುದೇ ನಮ್ಮ ಆಟ. ಇಲ್ಲಿ ಎಷ್ಟು ಜನ ಈ ಆಟ ಆಡಿದ್ದೀರಿ, ಕೈ ಎತ್ತಿ ನೋಡೋಣ. ಅರ್ಧಕ್ಕಿಂತ ಜಾಸ್ತಿ ಇದ್ದೀರಿ!

ಎತ್ತಿದ ಆ ಕೈಯನ್ನೇ ಮುಂದೆ ಚಾಚಿ. ಅಂಗೈ ಮೇಲೆ ಇರಲಿ. ಇನ್ನೊಂದು ಕೈಯಿಂದ, ಮೊಣಕೈಗೆ ನಾಲ್ಕು ಬೆರಳು ಕೆಳಗೆ, ಮುಂಗೈಯನ್ನು ಮೆತ್ತಗೆ ಹಿಡಿಯಿರಿ. ಈಗ ಚಾಚಿದ ಕೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಬಿಡಿಸಿ. ಹಿಡಿದ ಜಾಗದಲ್ಲಿ ಚರ್ಮದ ಕೆಳಗೆ ಏನೋ ಹೊರಳುತ್ತದೆ, ಅಲ್ವಾ? ಆಡುತ್ತಿರುವುದು ಬೆರಳು. ದುಡಿಯುತ್ತಿರುವುದು ಮುಂಗೈ.

ಬೆರಳಿನೊಳಗೆ ಅದನ್ನು ಮಡಿಸುವ ಮಾಂಸಖಂಡ ಒಂದೂ ಇಲ್ಲ. ಚಳಿಗೆ ರೋಮ ನಿಮಿರಿಸುವ ಸಣ್ಣ ಸಣ್ಣ ಸ್ನಾಯು ಬಿಟ್ಟರೆ ಅಲ್ಲಿರುವುದು ಮೂಳೆ, ದಾರ, ನರ, ರಕ್ತನಾಳ, ಒಂದಿಷ್ಟು ಕೊಬ್ಬು, ಚರ್ಮ. ಮಾಂಸವೆಲ್ಲ ಮುಂಗೈಯಲ್ಲಿದೆ, ಸ್ವಲ್ಪ ಅಂಗೈಯಲ್ಲಿದೆ. ಮುಂಗೈಯಲ್ಲೇ ಸುಮಾರು 20 ಸ್ನಾಯುಗಳಿವೆ. ಅಲ್ಲಿಂದ ಬಿಳಿ ದಾರಗಳು ಮಣಿಕಟ್ಟು ದಾಟಿ ಬೆರಳ ತುದಿವರೆಗೆ ಹೋಗುತ್ತವೆ.

ಇದು ಎಷ್ಟು ಒಳ್ಳೆಯ ಏರ್ಪಾಡು ನೋಡಿ. ಅಷ್ಟು ಮಾಂಸ ಬೆರಳಲ್ಲೇ ಇದ್ದಿದ್ದರೆ ಒಂದೊಂದು ಬೆರಳೂ ಪಚ್ಚಬಾಳೆಯಷ್ಟು ದಪ್ಪ ಇರುತ್ತಿತ್ತು. ಆ ಬೆರಳಲ್ಲಿ ಬೇಯಿಸಿದ ಗೂಡಿನಿಂದ ರೇಷ್ಮೆ ಎಳೆ ಹುಡುಕಿ ತೆಗೆಯೋಕೆ ಆಗುತ್ತಿತ್ತಾ? ಹಣ್ಣಾದ ಹುಳುವನ್ನು ನೋಯಿಸದೆ ಎತ್ತಿ, ಅದು ಗೂಡು ಕಟ್ಟುವ ಚಂದ್ರಿಕೆಗೆ ಬಿಡೋಕೆ ಆಗುತ್ತಿತ್ತಾ? ಬಲ ಹಿಂದೆ ಉಳಿದಿದೆ. ಅದಕ್ಕೇ ಬೆರಳು ಸಣ್ಣಗೆ, ಹಗುರವಾಗಿ ಉಳಿದಿದೆ.

ಈಗ ನಿಜವಾಗಿ ಹೇಳಬೇಕು ಅಂತ ಬಂದ ಮಾತಿಗೆ ಬರುತ್ತೇನೆ. ಕೈ ಮುಷ್ಟಿ ಮಾಡಿ ಮಣಿಕಟ್ಟು ನೋಡಿಕೊಳ್ಳಿ. ನೀಲಿಯಾಗಿ ಕಾಣುವುದು ಏನು ಅಂತ ಕೇಳಿದರೆ ‘ನರ’ ಅಂತೀರಿ. ಮಣಿಕಟ್ಟಿನ ನಡುವೆ ಹಗ್ಗದ ಹಾಗೆ ಎದ್ದು ನಿಲ್ಲುವುದಕ್ಕೂ ‘ನರ’ ಅಂತೀರಿ. ಮೊಣಕೈ ಗೋಡೆಗೆ ತಗುಲಿ ಕಿರುಬೆರಳವರೆಗೂ ಕರೆಂಟ್ ಹೊಡೆದ ಹಾಗಾದರೆ ಅದೂ ‘ನರ’ವೇ. ನಮ್ಮ ಆಡುಮಾತಿನಲ್ಲಿ ಮೂರಕ್ಕೂ ಒಂದೇ ಹೆಸರು. ಆದರೆ ಅವು ಬೇರೆ ಬೇರೆ. ನೀಲಿಯಾದದ್ದು ರಕ್ತನಾಳ, ಒಳಗೆ ರಕ್ತ ಹರಿಯುತ್ತದೆ. ಹಗ್ಗದಂತೆ ನಿಲ್ಲುವುದು ಸ್ನಾಯುವಿನ ದಾರ, ಎಳೆಯುವುದಷ್ಟೇ ಅದರ ಕೆಲಸ. ಮೂರನೆಯದು ನಿಜವಾದ ನರ. ಕೈಗೂ ಮೆದುಳಿಗೂ ನಡುವೆ ಸುದ್ದಿ ಹೊರುವುದು ಅದು.

ಹೆಸರಿಗೆ ಯಾಕೆ ಇಷ್ಟು ಒದ್ದಾಡುತ್ತೀರಿ ಅಂತ ಕೇಳಬಹುದು. ನಮ್ಮ ಅಮ್ಮನ ಕೈ ಕಥೆ ಹೇಳುತ್ತೇನೆ.

ಅಮ್ಮ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದಳು. ಎಡಗೈಯಲ್ಲಿ ಕಡ್ಡಿ, ಬಲಗೈಯಲ್ಲಿ ಕುಡುಗೋಲು. ಅದು ಜಾರಿ ಎಡಗೈ ಉಂಗುರದ ಬೆರಳಿನ ಬುಡಕ್ಕೆ, ಅಂಗೈ ಕಡೆಗೆ ತಗುಲಿತು. ಗಾಯ ಒಂದು ಇಂಚೂ ಇರಲಿಲ್ಲ. ಸೆರಗು ಒತ್ತಿ ಹಿಡಿದುಕೊಂಡು ಒಂದು ಕ್ಲಿನಿಕ್‌ಗೆ ಹೋದಳು. ‘ನರ ಸ್ವಲ್ಪ ಕಟ್ ಆಗಿತ್ತು, ರಕ್ತ ನಿಂತಿದೆ, ಏನೂ ಆಗಲ್ಲ’ ಅಂದರು. ಮೂರು ಹೊಲಿಗೆ ಹಾಕಿ ಕಳಿಸಿದರು. ಬೆರಳು ಮಡಿಸಿ ತೋರಿಸಮ್ಮ ಅಂತ ಯಾರೂ ಕೇಳಲಿಲ್ಲ. ಹೊಲಿಗೆ ಬಿಚ್ಚಿದ ಮೇಲೆ ನೋಡಿದರೆ ಬೆರಳು ನೆಟ್ಟಗೆ ನಿಂತಿದೆ. ‘ಗಾಯ ಆರಿದ್ಮೇಲೆ ಸರಿ ಹೋಗುತ್ತೆ’ ಅಂತ ಅವಳೂ ಕಾದಳು, ನಾವೂ ಕಾದೆವು. ಅದು ಸರಿ ಹೋಗಲೇ ಇಲ್ಲ.

ಹಸು ಕರೆಯುವಾಗ ಅವಳ ಕೈ ನೋಡಬೇಕಿತ್ತು. ಕರೆಯುವವರ ಕೈಯಲ್ಲಿ ಒಂದು ಲಯ ಇರುತ್ತದೆ. ಹೆಬ್ಬೆರಳು, ತೋರುಬೆರಳು ಮೊದಲು ಬಿಗಿಯುತ್ತವೆ. ಮೊಲೆಯೊಳಗಿನ ಹಾಲು ಮೇಲಕ್ಕೆ ಹೋಗದ ಹಾಗೆ ತಡೆಯುತ್ತವೆ. ಆಮೇಲೆ ನಡುಬೆರಳು, ಉಂಗುರದ ಬೆರಳು, ಕಿರುಬೆರಳು ಸಾಲಾಗಿ ಒತ್ತುತ್ತಾ ಬರುತ್ತವೆ. ಅಮ್ಮನ ಎಡಗೈಯಲ್ಲಿ ಆ ಸಾಲು ತಪ್ಪಿಹೋಗಿತ್ತು. ನಾಲ್ಕನೇ ಬೆರಳು ನೆಟ್ಟಗೆ ಆಚೆ ನಿಂತು ಹಸುವಿನ ಕೆಚ್ಚಲಿಗೆ ಚುಚ್ಚುತ್ತಿತ್ತು. ಹಸು ಕಾಲು ಎತ್ತುತ್ತಿತ್ತು. ಕೊನೆಗೆ ಅವಳು ಒಂದೇ ಕೈಯಲ್ಲಿ ಕರೆಯೋದು ಕಲಿತಳು. ಡೈರಿಗೆ ಹಾಲು ಹಾಕೋಕೆ ದಿನಾ ತಡವಾಗುತ್ತಿತ್ತು.

ಅವಳಿಗೆ ಕಟ್ ಆಗಿದ್ದು ರಕ್ತನಾಳ ಅಲ್ಲ, ದಾರ. ರಕ್ತ ನಿಂತಿತು ಅನ್ನುವುದು ರಕ್ತನಾಳದ ಸಮಾಚಾರ. ದಾರದ ಸಮಾಚಾರ ಬೇಕಾದರೆ ಬೆರಳು ಮಡಿಸಿಯೇ ನೋಡಬೇಕು. ‘ನರ’ ಅನ್ನುವ ಒಂದೇ ಮಾತಿನಲ್ಲಿ ಎರಡೂ ಬೆರೆತುಹೋಯಿತು. ಇದನ್ನು ನಾನು ತಿಳಿದುಕೊಂಡಿದ್ದು ಮೆಡಿಕಲ್ ಓದುವಾಗ, ಮೊದಲ ಸಲ ಒಂದು ಕೈ ಬಿಡಿಸಿ ನೋಡಿದ ದಿನ. ಆವತ್ತು ರಾತ್ರಿ ಊಟ ಮಾಡಲಿಲ್ಲ. ಅಲ್ಲಿನ ವಾಸನೆ ಅದಕ್ಕೆ ಕಾರಣ ಅಲ್ಲ. ಅಮ್ಮನ ಬೆರಳೇ ಕಣ್ಣ ಮುಂದೆ ಇತ್ತು.

ಆ ದಾರಗಳನ್ನು ಹತ್ತಿರದಿಂದ ನೋಡೋಣ. ಮಡಿಸುವುದಕ್ಕೆ ಒಂದೊಂದು ಬೆರಳಿಗೂ ಎರಡೆರಡು ದಾರ ಬರುತ್ತವೆ. ಒಂದು ಮೇಲೆ, ಒಂದು ಆಳದಲ್ಲಿ. ಮೇಲಿನದು ನಡು ಗೆಣ್ಣನ್ನು ಮಡಿಸುತ್ತದೆ. ಆಳದ್ದು ತುದಿ ಗೆಣ್ಣಿನವರೆಗೂ ಹೋಗಬೇಕು. ಆದರೆ ದಾರಿಯಲ್ಲಿ ಮೇಲಿನ ದಾರ ಅಡ್ಡ ಇದೆ. ಹಾಗಾದರೆ ದಾಟುವುದು ಹೇಗೆ? ಮೇಲಿನ ದಾರ ಎರಡಾಗಿ ಸೀಳಿಕೊಂಡು, ಅಂಗಿಯ ಕಾಜಿನ ಹಾಗೆ ದಾರಿ ಬಿಡುತ್ತದೆ. ಆಳದ ದಾರ ಗುಂಡಿಯ ಹಾಗೆ ಅದರೊಳಗಿಂದ ತೂರಿ ಮುಂದೆ ಹೋಗುತ್ತದೆ. ನಾಲ್ಕು ಬೆರಳಿಗೂ ಹೀಗೇ. ಹೆಬ್ಬೆರಳಿಗೆ ಮಾತ್ರ ಮುಂಗೈಯಿಂದ ಮಡಿಸುವ ದಾರ ಒಂದೇ. ಎಷ್ಟೋ ವರ್ಷದಿಂದ ಮಕ್ಕಳಿಗೆ ತೋರಿಸುತ್ತಿದ್ದೇನೆ. ಆ ಕಾಜು ಕಂಡಾಗ ಇವತ್ತಿಗೂ ಒಂದು ಕ್ಷಣ ಸುಮ್ನೆ ನಿಂತು ನೋಡುತ್ತೇನೆ. 1543ರಲ್ಲಿ ವೆಸೇಲಿಯಸ್ ಅನ್ನುವ ವೈದ್ಯ ಇಡೀ ಮನುಷ್ಯ ದೇಹದ ರಚನೆಯ ಮೇಲೆ ದೊಡ್ಡ ಪುಸ್ತಕ ಅಚ್ಚು ಹಾಕಿಸಿದ. ಅದರಲ್ಲಿ ಅವನದೊಂದು ಚಿತ್ರ ಇದೆ. ಬಿಡಿಸಿದ ಮುಂಗೈಯೊಂದನ್ನು ಹಿಡಿದು, ಬೆರಳು ಮಡಿಸುವ ದಾರಗಳನ್ನೇ ತೋರಿಸುತ್ತಾ ನಿಂತಿದ್ದಾನೆ. ತೋರಿಸೋಕೆ ಇಡೀ ದೇಹ ಇತ್ತು, ಆರಿಸಿಕೊಂಡಿದ್ದು ಇದನ್ನು. ನಾನಾಗಿದ್ದರೂ ಅದನ್ನೇ ಆರಿಸುತ್ತಿದ್ದೆ.

ದಾರ ಮೂಳೆಗೆ ಅಂಟಿಕೊಂಡೇ ಓಡಲಿ ಅಂತ ಬೆರಳಿನುದ್ದಕ್ಕೂ ಗಟ್ಟಿ ಉಂಗುರಗಳಿವೆ. ಇವು ಇಲ್ಲದಿದ್ದರೆ ಬೆರಳು ಮಡಿಸಿದಾಗ ದಾರ ಬಿಲ್ಲಿನ ಹೆದೆಯ ಹಾಗೆ ಎದ್ದು ಬರುತ್ತಿತ್ತು. ಅಂಗೈ ಹತ್ತಿರದ ಮೊದಲ ಉಂಗುರದಲ್ಲಿ ದಾರ ದಪ್ಪವಾಗಿ ಸಿಕ್ಕಿಕೊಂಡರೆ, ಬೆಳಗ್ಗೆ ಏಳುವಾಗ ಬೆರಳು ಮಡಿಚಿಕೊಂಡೇ ಇರುತ್ತದೆ. ಇನ್ನೊಂದು ಕೈಯಿಂದ ಬಿಡಿಸಿದರೆ ‘ಟಕ್’ ಅನ್ನುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ. ಇದು ವಾತ ಅಂತ ಎಣ್ಣೆ ತಿಕ್ಕಿಕೊಂಡು ವರ್ಷ ಕಳೆಯಬೇಡಿ. ಇದಕ್ಕೆ ಚಿಕಿತ್ಸೆ ಇದೆ.

ಐದು ಬೆರಳೂ ಒಂದೇ ಸಮ ಇರಲ್ಲ ಅಂತೀವಲ್ಲ, ಅದು ಉದ್ದದ ವಿಷಯ ಮಾತ್ರ ಅಲ್ಲ. ಅಂಗೈಯನ್ನು ಮೇಜಿನ ಮೇಲೆ ಊರಿ. ನಡುಬೆರಳನ್ನು ಮಡಿಸಿ ಅಂಗೈ ಕೆಳಗೆ ಸೇರಿಸಿ. ಉಳಿದವನ್ನು ಒಂದೊಂದಾಗಿ ಮೇಲೆತ್ತಿ. ಹೆಬ್ಬೆರಳು ಏಳುತ್ತದೆ, ತೋರುಬೆರಳು ಏಳುತ್ತದೆ, ಕಿರುಬೆರಳೂ ಏಳುತ್ತದೆ. ಉಂಗುರದ ಬೆರಳು? ಜಪ್ಪಯ್ಯ ಅಂದರೂ ಏಳುವುದಿಲ್ಲ. ಕೈಯ ಹಿಂಬದಿಯಲ್ಲಿ ಬೆರಳು ಬಿಡಿಸುವ ದಾರಗಳಿಗೆ ಅಡ್ಡ ಕಟ್ಟುಗಳಿವೆ. ತೋರುಬೆರಳಿಗೂ ಕಿರುಬೆರಳಿಗೂ ತಮ್ಮದೇ ಆದ ಇನ್ನೊಂದು ದಾರ ಇದೆ. ಉಂಗುರದ ಬೆರಳಿಗೆ ಅದಿಲ್ಲ. ಅಕ್ಕಪಕ್ಕದವರು ಬಿಟ್ಟರೆ ಮಾತ್ರ ಅದು ಏಳಬಹುದು.

ಇನ್ನೊಂದು ಮಾಡಿ. ಹೆಬ್ಬೆರಳು, ಕಿರುಬೆರಳು ಎರಡನ್ನೂ ಮುಟ್ಟಿಸಿ ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಾಗಿಸಿ. ಮಣಿಕಟ್ಟಿನ ನಡುವೆ ಒಂದು ದಾರ ಎದ್ದು ನಿಲ್ಲುತ್ತದೆ. ಕೆಲವರಿಗೆ ಇಲ್ಲ, ನೋಡಿ. ಆ ಮೂಲೆಯಲ್ಲಿ ಕೂತಿರುವ ಹುಡುಗಿಗೆ ಒಂದು ಕೈಯಲ್ಲಿದೆ, ಇನ್ನೊಂದರಲ್ಲಿಲ್ಲ! ಹೆದರಬೇಡಮ್ಮ, ಹುಟ್ಟಿನಿಂದಲೇ ಎಷ್ಟೋ ಜನಕ್ಕೆ ಅದು ಇರುವುದಿಲ್ಲ. ಇಲ್ಲದಿದ್ದರೂ ಕೈಯ ಬಲ ಕಡಿಮೆ ಆಗಲ್ಲ. ಅದಕ್ಕೇ ಡಾಕ್ಟರುಗಳು ಬೇರೆ ಬೆರಳಿನ ದಾರ ಹಾಳಾದಾಗ ಇದನ್ನು ತೆಗೆದು ಅಲ್ಲಿಗೆ ಜೋಡಿಸುತ್ತಾರೆ. ದೇಹದಲ್ಲೇ ಇಟ್ಟಿರುವ ಬದಲಿ ದಾರ ಇದು. ಅಮ್ಮನ ಎರಡೂ ಕೈಯಲ್ಲಿ ಅದು ಚೆನ್ನಾಗಿಯೇ ಇತ್ತು. ನಾನು ಅದನ್ನು ನೋಡುವಷ್ಟು ಓದಿಕೊಳ್ಳುವ ಹೊತ್ತಿಗೆ ಬೆರಳಿನ ಕೀಲುಗಳು ಬಿಗಿದುಹೋಗಿದ್ದವು.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಕೈಗೆ ಕುಡುಗೋಲೋ, ಗಾಜೋ, ಮಚ್ಚೋ ತಗುಲಿದರೆ ಮೊದಲು ಶುಭ್ರ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಕೈ ಎತ್ತಿಕೊಳ್ಳಿ. ಕಾಫಿಪುಡಿ, ಸುಣ್ಣ ಬೇಡ. ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವ ಮುಂಚೆ ಮೂರು ವಿಷಯ ನೀವೇ ಕೇಳಿ. ಒಂದೊಂದು ಬೆರಳೂ ತುದಿ ಗೆಣ್ಣಿನವರೆಗೆ ತಾನಾಗಿ ಮಡಿಯುತ್ತದಾ, ಬಿಡಿಸಿಕೊಳ್ಳುತ್ತದಾ? ಒಂದೊಂದು ಬೆರಳ ತುದಿಗೂ ಮುಟ್ಟಿದ್ದು ಗೊತ್ತಾಗುತ್ತದಾ? ಉಗುರು ಒತ್ತಿ ಬಿಟ್ಟರೆ ಕೆಂಪು ಬೇಗ ವಾಪಸ್ ಬರುತ್ತದಾ? ಮೊದಲನೆಯದು ದಾರಕ್ಕೆ, ಎರಡನೆಯದು ನರಕ್ಕೆ, ಮೂರನೆಯದು ರಕ್ತನಾಳಕ್ಕೆ. ಯಾವುದಾದರೂ ಇಲ್ಲ ಅಂತಾದರೆ ಬರೀ ಚರ್ಮ ಹೊಲಿಸಿಕೊಂಡು ಬರಬೇಡಿ. ಕೈ ಆಪರೇಷನ್ ಮಾಡುವವರು ಇರುವ ಕಡೆ ಹೋಗಿ. ಮೊದಲ ಕೆಲವು ದಿನಗಳಲ್ಲಿ ದಾರದ ತುದಿಗಳು ಸಿಗುತ್ತವೆ. ತಡವಾದಷ್ಟೂ ಅವು ಮುಂಗೈ ಕಡೆಗೆ ಸರಿದು ಕುಗ್ಗುತ್ತವೆ. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಬೆರಳೇ ತುಂಡಾದರೆ ಅದನ್ನು ಒದ್ದೆ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಆ ಕವರನ್ನು ಐಸ್ ಮೇಲೆ ಇಡಿ. ಬೆರಳನ್ನೇ ಐಸ್‌ಗೆ ಹಾಕಬೇಡಿ.

ಮಣಿಕಟ್ಟಿಗೆ ಬರೋಣ. ಇಲ್ಲಿ ಎಂಟು ಸಣ್ಣ ಮೂಳೆಗಳು ಸೇರಿ ಒಂದು ತಗ್ಗು ಮಾಡಿವೆ. ಅದರ ಮೇಲೆ ಒಂದು ಗಟ್ಟಿ ಪಟ್ಟಿ ಚಾವಣಿಯ ಹಾಗೆ ಕೂತಿದೆ. ಆ ಸಣ್ಣ ಸುರಂಗದೊಳಗೆ ಒಂಬತ್ತು ದಾರ, ಒಂದು ನರ ಹೋಗಬೇಕು. ಜಾಗ ಕಡಿಮೆ. ಒಳಗೆ ಸ್ವಲ್ಪ ಊತ ಬಂದರೂ ದಾರಗಳಿಗೆ ಏನೂ ಆಗಲ್ಲ, ನರ ಅದುಮಿಹೋಗುತ್ತದೆ. ಮಧ್ಯರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗಿ, ಕೈ ಕೊಡವಿಕೊಂಡು ಮತ್ತೆ ಮಲಗುವವರು ಇಲ್ಲಿ ಬಹಳ ಮಂದಿ ಇದ್ದೀರಿ, ನನಗೆ ಗೊತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು, ಕಿರುಬೆರಳು ಮಾತ್ರ ಸರಿ ಇದೆ ಅಂದರೆ ಅನುಮಾನ ಈ ಸುರಂಗದ ಮೇಲೆ. ಕಿರುಬೆರಳಿನ ನರ ಸುರಂಗದ ಹೊರಗಿಂದ ಹೋಗುತ್ತದೆ. ಬಸುರಿಯರಿಗೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ಇರುವವರಿಗೆ ಇದು ಜಾಸ್ತಿ. ರಾತ್ರಿ ಮಣಿಕಟ್ಟು ಬಾಗದ ಹಾಗೆ ಪಟ್ಟಿ ಕಟ್ಟಿಕೊಂಡರೆ ಎಷ್ಟೋ ಜನಕ್ಕೆ ಸಾಕಾಗುತ್ತದೆ. ಹೆಬ್ಬೆರಳ ಬುಡದ ಮಾಂಸ ಕರಗುತ್ತಾ ಬಂದರೆ ಮಾತ್ರ ಕಾಯಬೇಡಿ.

ಮಣಿಕಟ್ಟು ಬಾಗುವುದಕ್ಕೂ ಹಿಡಿತಕ್ಕೂ ಇರುವ ನಂಟು ತಾಯಂದಿರಿಗೆ ಗೊತ್ತು. ಮಗು ಏನನ್ನಾದರೂ ಬಿಗಿಯಾಗಿ ಹಿಡಿದುಕೊಂಡರೆ ಅದರ ಮಣಿಕಟ್ಟನ್ನು ಒಳಕ್ಕೆ ಬಾಗಿಸುತ್ತೀರಿ. ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತದೆ. ಮಣಿಕಟ್ಟು ಒಳಕ್ಕೆ ಬಾಗಿದರೆ ಮಡಿಸುವ ದಾರ ಸಡಿಲ, ಬಿಡಿಸುವ ದಾರ ಬಿಗಿ. ನೀವೇ ಮಣಿಕಟ್ಟು ಬಾಗಿಸಿಕೊಂಡು ಮುಷ್ಟಿ ಬಿಗಿದು ನೋಡಿ, ಬಲವೇ ಬರಲ್ಲ. ಹಾಗಾಗಿ ಹಾಲು ಕರೆಯುವಾಗ, ಬಟ್ಟೆ ಹಿಂಡುವಾಗ ಮಣಿಕಟ್ಟು ಸ್ವಲ್ಪ ಹಿಂದಕ್ಕೆ ಇರಲಿ. ಅದೇ ಕೆಲಸ ಕಡಿಮೆ ನೋವಿನಲ್ಲಿ ಆಗುತ್ತದೆ.

ಮೂಳೆಯ ಲೆಕ್ಕ ಬೇಗ ಹೇಳಿಬಿಡುತ್ತೇನೆ. ಮುಂಗೈಗೆ ಎರಡು, ಮಣಿಕಟ್ಟಿಗೆ ಎಂಟು, ಅಂಗೈಗೆ ಐದು, ಬೆರಳುಗಳಿಗೆ ಹದಿನಾಲ್ಕು. ಮೈಯಲ್ಲಿರುವ 206 ಮೂಳೆಗಳಲ್ಲಿ ಎರಡು ಹಸ್ತಗಳಲ್ಲೇ 54. ಅವುಗಳಲ್ಲಿ ಒಂದರ ಬಗ್ಗೆ ಮಾತ್ರ ಎಚ್ಚರಿಕೆ ಹೇಳಬೇಕು. ಹೆಬ್ಬೆರಳನ್ನು ಹಿಂದಕ್ಕೆ ಚಾಚಿ. ಬುಡದಲ್ಲಿ ಎರಡು ದಾರಗಳ ನಡುವೆ ಒಂದು ಗುಳಿ ಬೀಳುತ್ತದೆ. ನಮ್ಮ ತಾತ ಅದರಲ್ಲೇ ನಶ್ಯ ಇಟ್ಟುಕೊಂಡು ಏರಿಸುತ್ತಿದ್ದರು. ವೈದ್ಯರ ಪುಸ್ತಕದಲ್ಲೂ ಅದರ ಹೆಸರು ನಶ್ಯದ ಡಬ್ಬಿ ಅಂತಲೇ! ಆ ಗುಳಿಯ ತಳದಲ್ಲಿ ದೋಣಿಯ ಆಕಾರದ ಒಂದು ಮೂಳೆ ಇದೆ. ಬೈಕಿನಿಂದ ಬಿದ್ದು ಅಂಗೈ ಊರಿದಾಗ ಅದು ಮುರಿಯಬಹುದು. ಊತ ಹೆಚ್ಚು ಇರಲ್ಲ, ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಆ ಮೂಳೆಗೆ ರಕ್ತ ಬೆರಳಿನ ಕಡೆಯ ತುದಿಯಿಂದ ಒಳಗೆ ಬಂದು ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತ ತಪ್ಪಿ ಮೂಳೆ ಕೂಡದೆಯೇ ಉಳಿಯಬಹುದು. ಬಿದ್ದ ಮೇಲೆ ಆ ಗುಳಿ ಒತ್ತಿದರೆ ನೋಯುತ್ತದಾ ನೋಡಿಕೊಳ್ಳಿ. ನೋಯುತ್ತಿದ್ದರೆ ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೊಮ್ಮೆ ಎಕ್ಸ್‌ರೇ ತೆಗೆಸಿ.

ಹಿರಿಯರೊಬ್ಬರು ನಾಟಿ ಕಟ್ಟು ಕಟ್ಟಿಸಬಹುದಾ ಅಂತ ಕೇಳಿದರು. ಮೊದಲು ಎಕ್ಸ್‌ರೇ ಆಗಲಿ ಅಂದೆ. ಅದಕ್ಕಿಂತ ಮುಖ್ಯವಾದ ಮಾತು, ಕಟ್ಟು ಯಾರೇ ಕಟ್ಟಲಿ, ಆಸ್ಪತ್ರೆಯ ಪ್ಲಾಸ್ಟರೇ ಆಗಲಿ, ಬಿಗಿ ಜಾಸ್ತಿ ಆಗಬಾರದು. ಮುಂಗೈಯ ಮಾಂಸ ಗಟ್ಟಿ ಪೊರೆಗಳ ಒಳಗೆ ಕೂತಿದೆ. ಒಳಗೆ ಊತ, ಹೊರಗೆ ಬಿಗಿ ಕಟ್ಟು, ಎರಡೂ ಸೇರಿದರೆ ರಕ್ತ ನಿಂತು ಮಾಂಸ ಸಾಯುತ್ತದೆ. ಜರ್ಮನಿಯ ವೈದ್ಯ ವೋಕ್‌ಮನ್ 1881ರಲ್ಲೇ ಇದನ್ನು ಬರೆದಿಟ್ಟ. ಹಾಗಾದ ಮಗುವಿನ ಬೆರಳು ಜೀವನಪೂರ್ತಿ ಮಡಿಚಿಕೊಂಡೇ ಉಳಿಯಬಹುದು. ಕಟ್ಟು ಹಾಕಿದ ಮಗು ನೋವು ಜಾಸ್ತಿಯಾಗುತ್ತಿದೆ ಅಂತ ಅತ್ತರೆ, ಬೆರಳನ್ನು ನಾವು ಬಿಡಿಸಿದರೂ ಚೀರಿದರೆ, ಬೆಳಗ್ಗೆವರೆಗೆ ಕಾಯಬೇಡಿ. ಆಗಲೇ ಕಟ್ಟು ಸಡಿಲಿಸಬೇಕು, ಹಾಗೇ ಆಸ್ಪತ್ರೆಗೆ ಓಡಬೇಕು. ಇದರಲ್ಲಿ ಲೆಕ್ಕ ಗಂಟೆಗಳದ್ದು.

ಕೊನೆಗೆ ನಿಜವಾದ ನರ. ಬೆರಳ ತುದಿಯಲ್ಲಿ ಎರಡು ಮೂರು ಮಿಲಿಮೀಟರ್ ದೂರದಲ್ಲಿ ಎರಡು ಸೂಜಿ ಮೊನೆ ಇಟ್ಟರೂ ಎರಡು ಅಂತ ಗೊತ್ತಾಗುತ್ತದೆ. ಬೆನ್ನ ಮೇಲೆ ಅದಕ್ಕಿಂತ ಹತ್ತು ಪಟ್ಟು ಜಾಸ್ತಿ ದೂರ ಬೇಕು. ನೀರಿನಲ್ಲಿ ತೇಲುವ ಗೂಡಿನ ಎಳೆ ಕಣ್ಣಿಗೆ ಕಾಣದೆಯೂ ರೀಲರುಗಳ ಬೆರಳಿಗೆ ಸಿಗುವುದು ಇದರಿಂದ. ಕತ್ತರಿಸಿದ ನರವನ್ನು ಸರಿಯಾಗಿ ಹೊಲಿದರೆ ಅದು ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಮಣಿಕಟ್ಟಿನಿಂದ ಬೆರಳ ತುದಿ ಮುಟ್ಟೋಕೆ ಆರು ತಿಂಗಳೇ ಬೇಕು.

ಸ್ಪರ್ಶ ಹೋದ ಕೈಗೆ ಏನಾಗುತ್ತದೆ ಅನ್ನುವುದನ್ನು ಜಗತ್ತಿಗೆ ತಿಳಿಸಿದ್ದು ನಮ್ಮ ಪಕ್ಕದ ವೆಲ್ಲೂರು. ಇಲ್ಲಿಂದಲೂ ಎಷ್ಟೋ ಜನ ಅಲ್ಲಿಗೆ ಹೋಗಿ ಬಂದಿದ್ದೀರಿ. ಪಾಲ್ ಬ್ರ್ಯಾಂಡ್ ಅನ್ನುವ ಡಾಕ್ಟರು 1946ರಲ್ಲಿ ಅಲ್ಲಿಗೆ ಬಂದರು. ಹುಟ್ಟಿದ್ದೂ ತಮಿಳುನಾಡಿನ ಕೊಲ್ಲಿಮಲೆಯಲ್ಲೇ. ಕುಷ್ಠ ಬಂದವರ ಬೆರಳು ಕೊಳೆತು ಉದುರುತ್ತದೆ ಅಂತ ಆಗ ಎಲ್ಲರೂ ನಂಬಿದ್ದರು. ಹಾಗಲ್ಲ, ಸ್ಪರ್ಶ ಇಲ್ಲದ್ದರಿಂದ ಸುಟ್ಟರೂ ಕೊಯ್ದರೂ ಗೊತ್ತಾಗದೆ ಬೆರಳು ಹಾಳಾಗುತ್ತದೆ ಅಂತ ಅವರು ತೋರಿಸಿಕೊಟ್ಟರು. ಕೊಕ್ಕೆಯ ಹಾಗೆ ಬಾಗಿದ ಕೈಗಳನ್ನೂ ನೋಡಿದರು. ಅಂಗೈಯ ಸಣ್ಣ ಸ್ನಾಯುಗಳು ಸೋತಿದ್ದವು, ಮುಂಗೈಯವು ಗಟ್ಟಿಯಾಗಿದ್ದವು. ಗಟ್ಟಿ ಇರುವ ಸ್ನಾಯುವಿನ ದಾರವನ್ನು ಬಿಡಿಸಿ ಬೇರೆ ದಾರಿಯಲ್ಲಿ ತಂದು ಜೋಡಿಸಿದರು. ಬಾಗಿದ ಬೆರಳು ಮತ್ತೆ ನೆಟ್ಟಗಾಯಿತು, ತುತ್ತು ಎತ್ತಿತು.

ಮಾತು ಮುಗಿದ ಮೇಲೆ ಒಬ್ಬರು ಹತ್ತಿರ ಬಂದರು. ಇಪ್ಪತ್ತು ವರ್ಷದಿಂದ ಬೇಸಿನ್ ಮುಂದೆ ಕೂತು ನೂಲು ತೆಗೆಯುವವರು.

‘ಸಾರ್, ಒಂದು ಕೇಳ್ತೀನಿ, ತಪ್ಪು ತಿಳೀಬೇಡಿ. ನೀರಲ್ಲಿದ್ದು ಬಂದ್ರೆ ನನ್ನ ಬೆರಳೆಲ್ಲಾ ಸುಕ್ಕಾಗ್ತವೆ. ಈ ಕಿರುಬೆರಳು ಮಾತ್ರ ಆಗಲ್ಲ. ನುಣ್ಣಗೇ ಇರುತ್ತೆ. ಯಾಕೆ?’

ನಾನು ಅವರ ಕೈ ಹಿಡಿದು ನೋಡಿದೆ. ನೀರಿಗೆ ಬೆರಳು ಸುಕ್ಕಾಗುವುದು ಚರ್ಮ ನೆನೆದು ಅಂತ ಅಂದುಕೊಳ್ಳುತ್ತೇವೆ. ಅದು ನರದ ಕೆಲಸ. ನರ ಹೇಳಿದಾಗ ಒಳಗಿನ ರಕ್ತನಾಳ ಕುಗ್ಗಿ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತದೆ. ನರ ಕಡಿದ ಬೆರಳು ಸುಕ್ಕಾಗಲ್ಲ ಅಂತ ವೈದ್ಯರು 1930ರ ದಶಕದಲ್ಲೇ ಗಮನಿಸಿದ್ದರು. ಈ ಅಕ್ಕ ಯಾರೂ ಹೇಳಿಕೊಡದೆ ತಮ್ಮ ಕೈಯಲ್ಲೇ ಅದನ್ನು ಕಂಡುಕೊಂಡಿದ್ದರು.

‘ಇಲ್ಲಿ ಯಾವಾಗಲಾದ್ರೂ ಏಟಾಗಿತ್ತಾ ಅಕ್ಕ?’

‘ಗಾಜು ಕುಯ್ದಿತ್ತು ಸಾರ್. ಹನ್ನೊಂದು ವರ್ಷ ಆಯ್ತು. ಬುಡದಲ್ಲಿ.’

ಬೆರಳು ತುದಿವರೆಗೂ ಚೆನ್ನಾಗಿ ಮಡಿಯುತ್ತಿತ್ತು. ದಾರ ಸರಿ ಇದೆ. ಕಣ್ಣು ಮುಚ್ಚಿಸಿ ಪೆನ್ನಿನ ಮುಚ್ಚಳದಿಂದ ಮುಟ್ಟಿದೆ. ಉಂಗುರದ ಬೆರಳಿಗೆ ‘ಹ್ಞೂಂ’ ಅಂದರು. ಕಿರುಬೆರಳ ಎರಡು ಪಕ್ಕ ಮುಟ್ಟಿದಾಗಲೂ ಸುಮ್ಮನಿದ್ದರು. ಅದರ ತುದಿಯಲ್ಲಿ ಎರಡು ಸುಟ್ಟ ಕಲೆ ಇದ್ದವು, ಒಂದು ಹಳೆಯದು, ಒಂದು ಇನ್ನೂ ಹಸಿ.

‘ಇದು ಯಾವಾಗ ಆಗಿದ್ದು?’

ಅವರು ಕೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. ‘ಗೊತ್ತೇ ಆಗಿಲ್ಲ ನೋಡಿ.’

ಬಿಸಿ ನೋಡೋಕೆ ಇನ್ನು ಮೇಲೆ ಈ ಕೈ ಬೇಡ, ಆ ಕೈ ಇಡಿ ಅಂದೆ. ದಿನಾ ರಾತ್ರಿ ಈ ಬೆರಳನ್ನು ಒಮ್ಮೆ ಕಣ್ಣಾರೆ ನೋಡಿ, ಅದಕ್ಕೆ ನೋವು ಹೇಳೋಕೆ ಬರಲ್ಲ ಅಂದೆ. ಹಸಿ ಗಾಯಕ್ಕೆ ಪಟ್ಟಿ ಕಟ್ಟಿ, ನರ ನೋಡುವ ಡಾಕ್ಟರಿಗೆ ಒಂದು ಚೀಟಿ ಬರೆದುಕೊಟ್ಟೆ.